ದಿನವೂ ಲೋಡು ಎಳೆಯುವ ಸಣ್ಣ ಲಾರಿಯ ಇಂಜಿನ್ ಕೆಲಸ: ಕ್ಯಾಮ್‌ಶಾಫ್ಟ್ ಆಯ್ಕೆ ಮಾಡುವುದು ಹೇಗೆ?

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ ಸಣ್ಣ ಲಾರಿಗಳ ದುಡಿಮೆ ಹೆಚ್ಚುಕಡಿಮೆ ಒಂದೇ ಬಗೆಯದು. ಕೋರೆಯಿಂದ ಕೆಂಪುಕಲ್ಲನ್ನೋ ತೋಟದಿಂದ ತೆಂಗಿನಕಾಯಿಯನ್ನೋ ಹೇರಿಕೊಂಡು, ಮಣ್ಣುದಾರಿಯ ಏರನ್ನು ಒಂದನೆಯ ಅಥವಾ ಎರಡನೆಯ ಗೇರಿನಲ್ಲಿ ಹತ್ತಿ, ಆಮೇಲೆ ಚೆರ್ಕಳ–ಕಲ್ಲಡ್ಕ ರಸ್ತೆಗೋ ರಾಷ್ಟ್ರೀಯ ಹೆದ್ದಾರಿ 66ಕ್ಕೋ ಬಂದು ಸೇರುವ ಈ ಗಾಡಿಗಳ ಇಂಜಿನ್ ಪೂರ್ಣ ವೇಗದಲ್ಲಿ ತಿರುಗುವ ಹೊತ್ತು ಕಡಿಮೆ, ನಿಧಾನವಾಗಿ ತಿರುಗುತ್ತ ಭಾರ ಎಳೆಯುವ ಹೊತ್ತು ಹೆಚ್ಚು. ಇಂಥ ಇಂಜಿನ್ ಕೆಲಸಕ್ಕೆ ಬಂದಾಗ ಮಾಲೀಕರು ಸ್ಲೀವ್, ಪಿಸ್ಟನ್, ಬೇರಿಂಗ್, ಡೀಸೆಲ್ ಪಂಪು ಎಂದು ಒಂದೊಂದನ್ನೂ ವಿಚಾರಿಸುತ್ತಾರೆ. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ದಂಡವಾದ ಕ್ಯಾಮ್‌ಶಾಫ್ಟ್ (ಕ್ಯಾಮ್) ಮಾತ್ರ ಹತ್ತಿಯ ವೇಸ್ಟಿನಲ್ಲಿ ಒರೆಸಿಕೊಂಡು ಮರಳಿ ಬ್ಲಾಕಿನೊಳಗೆ ಹೋಗುತ್ತದೆ, ಇಲ್ಲವೇ ಅಂಗಡಿಯವರು ಕೊಟ್ಟದ್ದು ಬಂದು ಕೂರುತ್ತದೆ. ಬೋರು ಮಾಡಿಸಿ, ಪಂಪು ಕ್ಯಾಲಿಬ್ರೇಟ್ ಮಾಡಿಸಿದ ಮೇಲೂ "ಪುಲ್ಲಿಂಗ್ ಇಲ್ಲ" ಎಂಬ ದೂರು ಉಳಿಯುವುದಕ್ಕೆ ಇದೂ ಒಂದು ಕಾರಣವಾಗಿರುತ್ತದೆ.

ಈ ಲೇಖನದಲ್ಲಿ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿರುವುದು ಕ್ಯಾಮ್ ಬ್ಲಾಕಿನೊಳಗಿದ್ದು, ಅದರ ಮೇಲೆ ಕೂರುವ ಟ್ಯಾಪೆಟ್, ಟ್ಯಾಪೆಟ್ ಮೇಲಕ್ಕೆ ತಳ್ಳುವ ಪುಶ್ ರಾಡ್, ವಾಲ್ವನ್ನು ಒತ್ತುವ ರಾಕರ್ ಆರ್ಮ್‌ಗಳ ಮೂಲಕ ವಾಲ್ವ್ ತೆರೆಯುವ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್‌ಗಳನ್ನು. ಕ್ಯಾಮ್ ಹೆಡ್ಡಿನ ಮೇಲೆಯೇ ಇರುವ ಹೊಸ ಇಂಜಿನ್‌ಗಳಿಗೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಅದನ್ನು ಹೇಳಲಾಗಿದೆ.

ಮೊದಲ ಹೆಜ್ಜೆ: ಇಂಜಿನ್ ಯಾವ ವೇಗದಲ್ಲಿ ದುಡಿಯುತ್ತದೆ ಎಂದು ನಿಶ್ಚಯಿಸುವುದು

ಕ್ಯಾಮ್ ಆಯ್ಕೆಯ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದ ಪೆಟ್ರೋಲ್ ಪಿಕಪ್‌ಗಳಿಗೆ ಸಂಬಂಧಿಸಿದವು. ಅಲ್ಲಿ ಒಂದೇ ಎಂಟು ಸಿಲಿಂಡರ್ ಇಂಜಿನ್ನಿಗೆ ಹತ್ತಾರು ಬಗೆಯ ಕ್ಯಾಮ್‌ಗಳು ಮಾರಾಟಕ್ಕಿರುತ್ತವೆ, ಮಾಲೀಕರು ಕ್ಯಾಟಲಾಗ್ ತೆರೆದು ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿಯೂ ದಿನನಿತ್ಯದ ಓಡಾಟಕ್ಕೆ ಮತ್ತು ಭಾರ ಎಳೆಯುವುದಕ್ಕೆ ಸಾಮಾನ್ಯವಾಗಿ ಸೂಚಿಸುವುದು ವಾಲ್ವ್ ತೆರೆದಿರುವ ಅವಧಿ ಕಡಿಮೆ ಇರುವ, ಸೌಮ್ಯವಾದ ಕ್ಯಾಮನ್ನೇ. ನಮ್ಮ ಡೀಸೆಲ್ ಗಾಡಿಗಳ ವಿಚಾರದಲ್ಲಿ ಇನ್ನೂ ಒಂದು ಕಟ್ಟುಪಾಡು ಇದೆ. ಈ ವರ್ಗದ ಹಲವು ಹಳೆಯ ಇಂಜಿನ್‌ಗಳಲ್ಲಿ ನಿಮಿಷಕ್ಕೆ 3000 ಸುತ್ತುಗಳ ಆಸುಪಾಸಿನಲ್ಲಿಯೇ ವೇಗ ಮಿತಿಮೀರದಂತೆ ನೋಡಿಕೊಳ್ಳುವ ಗವರ್ನರ್ ಡೀಸೆಲನ್ನು ಕಡಿತಗೊಳಿಸುತ್ತದೆ. ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಗಾಳಿ ಚೆನ್ನಾಗಿ ತುಂಬುವಂತೆ ಕ್ಯಾಮ್ ಮಾಡಿಸಿದರೂ ಆ ವೇಗಕ್ಕೆ ಇಂಜಿನ್ ಹೋಗುವುದೇ ಇಲ್ಲ. ಲಾಭ ಸಿಗದ ಕಡೆ ಗಾಳಿ ತುಂಬಿಸಿ, ಏರಿನಲ್ಲಿ ಬೇಕಾದ ಗಾಳಿಯನ್ನು ಕಳೆದುಕೊಂಡಂತಾಗುತ್ತದೆ. ಆದ್ದರಿಂದ ಯಾರಾದರೂ "ಪವರ್ ಕ್ಯಾಮ್" ಎಂದು ಹೇಳಿ ಲೋಬುಗಳ (ಕ್ಯಾಮಿನ ಮೇಲಿನ ಉಬ್ಬುಗಳ) ಆಕಾರ ಬದಲಾಯಿಸಿಕೊಡುತ್ತೇನೆಂದರೆ ಅದನ್ನು ನಯವಾಗಿ ಬೇಡವೆನ್ನಬಹುದು.

ಇದು ಬರಿಯ ಅಭಿಪ್ರಾಯವಲ್ಲ, ಲೆಕ್ಕ ಹಾಕಿ ನೋಡಬಹುದಾದ ವಿಷಯ. ಗಾಳಿಯನ್ನು ಒಳಬಿಡುವ ಇನ್ಲೆಟ್ ವಾಲ್ವ್ ಪಿಸ್ಟನ್ ಕೆಳತುದಿಗೆ ತಲುಪಿದ ಕೂಡಲೇ ಮುಚ್ಚುವುದಿಲ್ಲ, ಪಿಸ್ಟನ್ ಮೇಲೇರಲು ತೊಡಗಿದ ಮೇಲೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಇನ್ನೂ ಕೆಲವು ಡಿಗ್ರಿ ತಿರುಗಿದ ಬಳಿಕ ಮುಚ್ಚುತ್ತದೆ. ಒಳಬರುವ ಗಾಳಿಗೆ ವೇಗವಿದ್ದಾಗ ಈ ತಡದಿಂದ ಇನ್ನಷ್ಟು ಗಾಳಿ ಸೇರುತ್ತದೆ. ಇಂಜಿನ್ ನಿಧಾನವಾಗಿ ತಿರುಗುವಾಗ ಗಾಳಿಗೆ ಆ ವೇಗವಿರುವುದಿಲ್ಲವಾದ್ದರಿಂದ, ವಾಲ್ವ್ ಮುಚ್ಚುವವರೆಗೆ ಪಿಸ್ಟನ್ ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳುತ್ತದೆ. 100 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ), 175 ಮಿ.ಮೀ. ಕನೆಕ್ಟಿಂಗ್ ರಾಡ್ ಮತ್ತು 17.5ಕ್ಕೆ 1ರ ಕಂಪ್ರೆಶನ್ ಇರುವ ಇಂಜಿನ್ ಒಂದನ್ನು ಊಹಿಸಿಕೊಳ್ಳಿ. ವಾಲ್ವ್ 40 ಡಿಗ್ರಿಗೆ ಮುಚ್ಚಿದರೆ ಅಷ್ಟರಲ್ಲಿ ಪಿಸ್ಟನ್ ಸುಮಾರು 9 ಮಿ.ಮೀ. ಮೇಲೇರಿರುತ್ತದೆ; ಉಳಿದ ದೂರದಲ್ಲಿ ಸಿಗುವ ನಿಜವಾದ ಕಂಪ್ರೆಶನ್ 16ರ ಆಸುಪಾಸಿನದು. ಅದೇ ವಾಲ್ವ್ 60 ಡಿಗ್ರಿಗೆ ಮುಚ್ಚಿದರೆ ಪಿಸ್ಟನ್ ಸುಮಾರು 20 ಮಿ.ಮೀ. ಏರಿರುತ್ತದೆ, ಕಂಪ್ರೆಶನ್ 14ರ ಸಮೀಪಕ್ಕೆ ಇಳಿಯುತ್ತದೆ. ಡೀಸೆಲ್ ಹೊತ್ತಿಕೊಳ್ಳುವುದು ಈ ಕಂಪ್ರೆಶನ್ನಿನ ಬಿಸಿಯಿಂದಲೇ. ಆಷಾಢದ ಮಳೆಯ ಬೆಳಗ್ಗೆ ಸೆಲ್ಫ್ ಎಳೆದಷ್ಟೂ ಬಿಳಿ ಹೊಗೆ ಕಾರುತ್ತ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯಲ್ಲಿ, ಪಂಪು ಮತ್ತು ಬ್ಯಾಟರಿ ಸರಿಯಿದ್ದರೆ, ಈ ಕಡೆಗೂ ಗಮನ ಹರಿಸಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಇರುವ ಕ್ಯಾಮನ್ನು ಅಳೆದು ನೋಡುವುದು

ಹೊಸದನ್ನು ಕೊಳ್ಳುವ ಮೊದಲು ಹಳೆಯದಕ್ಕೆ ಏನಾಗಿದೆ ಎಂದು ತಿಳಿಯಬೇಕು. ಇಂಜಿನ್ ಬಿಚ್ಚುವಾಗಲೇ ಟ್ಯಾಪೆಟ್‌ಗಳು ಮತ್ತು ಪುಶ್ ರಾಡ್‌ಗಳು ಒಂದರೊಡನೊಂದು ಬೆರೆಯದಂತೆ ಮೊಟ್ಟೆಯ ಟ್ರೇಯಲ್ಲಿ ಸಾಲಾಗಿ ಇರಿಸಿ, ಯಾವ ಸಿಲಿಂಡರಿನದು, ಇನ್ಲೆಟ್ಟೋ ಎಕ್ಸಾಸ್ಟೋ ಎಂದು ಬರೆದಿಡುವಂತೆ ಮೆಕ್ಯಾನಿಕರಲ್ಲಿ ಮೊದಲೇ ಕೇಳಿಕೊಳ್ಳಿ. ಓಡಿದ ಟ್ಯಾಪೆಟ್ಟಿಗೂ ಅದರ ಲೋಬಿಗೂ ಸವೆತದ ಗುರುತು ಹೊಂದಿಕೊಂಡಿರುತ್ತದೆ. ಜಾಗ ತಪ್ಪಿಸಿ ಕೂರಿಸಿದರೆ ಎರಡೂ ಬೇಗ ಹಾಳಾಗುತ್ತವೆ. ಟ್ಯಾಪೆಟ್ ಬೆರೆತುಹೋದ ಮೇಲೆ ಹಳೆಯ ಕ್ಯಾಮನ್ನು ಉಳಿಸಿಕೊಳ್ಳುವ ಆಯ್ಕೆಯೇ ಬಹುಮಟ್ಟಿಗೆ ಕೈತಪ್ಪುತ್ತದೆ.

ಕ್ಯಾಮನ್ನು ಡೀಸೆಲಿನಲ್ಲಿ ತೊಳೆದು ಒರೆಸಿ, ಹಗಲು ಬೆಳಕಿನಲ್ಲಿ ಒಂದೊಂದೇ ಲೋಬನ್ನು ತಿರುಗಿಸಿ ನೋಡಿ. ಲೋಬಿನ ತುದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಕಂಡರೆ ಗಡಸು ಪದರ ಏಳಲು ಆರಂಭವಾಗಿದೆ ಎಂದು ತಿಳಿಯಬಹುದು. ತುದಿಯ ಒಂದು ಅಂಚು ಮಾತ್ರ ಹೊಳೆಯುತ್ತಿದ್ದರೆ ಸ್ವಲ್ಪ ಮಟ್ಟಿಗೆ ಅದು ಸಹಜವೇ, ಏಕೆಂದರೆ ಟ್ಯಾಪೆಟ್ ತನ್ನ ಜಾಗದಲ್ಲಿ ಸುತ್ತುತ್ತಿರಲಿ ಎಂದು ಹಲವು ಇಂಜಿನ್‌ಗಳಲ್ಲಿ ಲೋಬನ್ನು ಕಣ್ಣಿಗೆ ಕಾಣದಷ್ಟು ಓರೆಯಾಗಿ ಗ್ರೈಂಡ್ ಮಾಡಿರುತ್ತಾರೆ, ಟ್ಯಾಪೆಟ್ಟಿನ ನಡುವೆಯಲ್ಲದೆ ತುಸು ಬದಿಗೆ ಕೂರಿಸಿರುತ್ತಾರೆ. ಹೊಳಪು ಲೋಬಿನ ಅಗಲಕ್ಕೂ ಅಂಚಿನಿಂದ ಅಂಚಿಗೆ ಹರಡಿದ್ದರೆ ಆ ಓರೆ ಸವೆದುಹೋಗಿದೆ, ಟ್ಯಾಪೆಟ್ ಸುತ್ತುವುದನ್ನು ನಿಲ್ಲಿಸಿದೆ ಎಂದು ಅರ್ಥ.

ಟ್ಯಾಪೆಟ್ಟಿನ ಪರೀಕ್ಷೆ ಇನ್ನೂ ಸುಲಭ. ಅದರ ಮುಖದ ಮೇಲೆ ಸ್ಟೀಲ್ ಸ್ಕೇಲಿನ ಅಂಚನ್ನು ನೆಟ್ಟಗೆ ನಿಲ್ಲಿಸಿ, ಬೆಳಕಿನ ಕಡೆಗೆ ಹಿಡಿದು ನೋಡಿ. ನಡುವೆ ಬೆಳಕಿನ ಗೆರೆ ಕಂಡರೆ ಮುಖ ಒಳಗೆ ತಗ್ಗಿದೆ, ಅದು ಗುಜರಿಗೆ ಹೋಗಬೇಕಾದದ್ದು. ಉಬ್ಬು ಮುಖದ ಟ್ಯಾಪೆಟ್ ಸರಿಯಿದ್ದರೆ ಸ್ಕೇಲು ನಡುವೆ ಮುಟ್ಟಿ, ಎರಡೂ ಅಂಚುಗಳಲ್ಲಿ ಕೂದಲೆಳೆಯಷ್ಟು ಬೆಳಕು ಬಿಡುತ್ತದೆ.

ಇನ್ನು ಅಳತೆಯ ಮಾತು. ಮೈಕ್ರೋಮೀಟರಿನಲ್ಲಿ ಲೋಬಿನ ತುದಿಯಿಂದ ಹಿಂಭಾಗದವರೆಗಿನ ಎತ್ತರವನ್ನು ಮೊದಲು, ಅದಕ್ಕೆ ಅಡ್ಡಲಾಗಿ ಲೋಬಿನ ವೃತ್ತಭಾಗದ ಅಗಲವನ್ನು ಆಮೇಲೆ ಅಳೆದು, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಸಿಗುವುದು ಲೋಬಿನ ಲಿಫ್ಟ್. ಎಂಟೂ ಲೋಬುಗಳ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆಯಿರಿ. ನಮ್ಮ ಕಡೆಯ ಗ್ಯಾರೇಜಿನಲ್ಲಿ ಒಬ್ಬರು ತುಳುವಿನಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ, ಮಾಲೀಕರು ಕನ್ನಡದಲ್ಲಿ ಮಾತಾಡುವುದು ವಾಡಿಕೆಯಾದ್ದರಿಂದ, ಲೇತಿಗೆ ಹೋಗುವ ಸಾಮಾನಿನೊಂದಿಗೆ ಅಂಕಿ ಬರೆದ ಚೀಟಿಯೂ ಹೋಗುವುದು ಎಲ್ಲರಿಗೂ ಒಳ್ಳೆಯದು. ಇನ್ಲೆಟ್ ಲೋಬುಗಳನ್ನು ಇನ್ಲೆಟ್ಟಿನೊಂದಿಗೆ, ಎಕ್ಸಾಸ್ಟನ್ನು ಎಕ್ಸಾಸ್ಟಿನೊಂದಿಗೆ ಮಾತ್ರ ಹೋಲಿಸಬೇಕು, ಏಕೆಂದರೆ ಎರಡರ ಲಿಫ್ಟ್ ಹುಟ್ಟಿನಿಂದಲೇ ಬೇರೆಯಾಗಿರಬಹುದು. ಉದಾಹರಣೆಗೆ ಮೂರು ಲೋಬುಗಳು 43.20 ಮತ್ತು 36.50 ಎಂದು ಅಳತೆ ಕೊಟ್ಟು 6.70 ಮಿ.ಮೀ. ಲಿಫ್ಟ್ ತೋರಿಸುತ್ತಿರುವಾಗ, ನಾಲ್ಕನೆಯದರ ಎತ್ತರ 42.75 ಮಾತ್ರ ಇದ್ದರೆ ಅದರ ಲಿಫ್ಟ್ 6.25ಕ್ಕೆ ಇಳಿದಿದೆ. ರಾಕರ್ ಆರ್ಮಿನ ಅನುಪಾತ 1.5 ಎಂದಿಟ್ಟುಕೊಂಡರೆ ಆ ವಾಲ್ವ್ ಸುಮಾರು 0.7 ಮಿ.ಮೀ. ಕಡಿಮೆ ತೆರೆಯುತ್ತಿದೆ. ಟ್ಯಾಪೆಟ್ ಗ್ಯಾಪನ್ನು (ರಾಕರಿಗೂ ವಾಲ್ವಿಗೂ ನಡುವಿನ ಸಂದನ್ನು) ಎಷ್ಟು ಸರಿಯಾಗಿ ಹಿಡಿಸಿದರೂ ಈ ಕೊರತೆ ತುಂಬುವುದಿಲ್ಲ. ಸಿಲಿಂಡರಿನ ಒತ್ತಡಕ್ಕೆ ಎದುರಾಗಿ ವಾಲ್ವ್ ತೆರೆಯಬೇಕಾದ್ದರಿಂದ ಎಕ್ಸಾಸ್ಟ್ ಲೋಬುಗಳ ಮೇಲೆ ಬೀಳುವ ಭಾರ ಹೆಚ್ಚು; ಅವುಗಳನ್ನು ಎರಡು ಬಾರಿ ಅಳೆದರೆ ನಷ್ಟವಿಲ್ಲ.

ಜರ್ನಲ್‌ಗಳ (ಕ್ಯಾಮ್ ಬುಷ್‌ಗಳಲ್ಲಿ ಕೂತು ತಿರುಗುವ ಭಾಗಗಳ) ಸವೆತವನ್ನೂ ಶಾಫ್ಟಿನ ಬಾಗನ್ನೂ ಲೇತಿನಲ್ಲಿ ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಿಂದ ನೋಡಿಸಬೇಕು. ಮಿತಿ ಎಷ್ಟೆಂಬುದಕ್ಕೆ ಆಯಾ ಇಂಜಿನ್ನಿನ ವರ್ಕ್‌ಶಾಪ್ ಮ್ಯಾನ್ಯುವಲ್ ಒಂದೇ ಪ್ರಮಾಣ. ಬೇರೆ ಇಂಜಿನ್ನಿನ ಅಂಕಿಯನ್ನು ತಂದು ಇದಕ್ಕೆ ಹೊಂದಿಸಬಾರದು.

ಮೂರನೆಯ ಹೆಜ್ಜೆ: ನಿಮ್ಮ ಇಂಜಿನ್ನಿನ ಸರಿಯಾದ ಮಾದರಿ ಗುರುತಿಸುವುದು

ಅಂಗಡಿಯಲ್ಲಿ "407ರ ಕ್ಯಾಮ್ ಕೊಡಿ" ಎಂದು ಕೇಳುವುದರಲ್ಲಿಯೇ ಅರ್ಧ ತಪ್ಪು ಆಗಿಹೋಗಿರುತ್ತದೆ. ಟಾಟಾ 407 ರಸ್ತೆಗೆ ಬಂದದ್ದು 1986ರಲ್ಲಿ. ಅಂದಿನಿಂದ ಆ ಹೆಸರಿನ ಗಾಡಿಯಲ್ಲಿ ಇಂಜಿನ್ನಿನ ಹಲವು ರೂಪಗಳು ಬಂದಿವೆ. ಇಂಜಿನ್ನಿನ ಹೆಸರಿನಲ್ಲಿರುವ 497 ಎಂಬುದು ನಾಲ್ಕು ಸಿಲಿಂಡರ್ ಮತ್ತು 97 ಮಿ.ಮೀ. ಬೋರನ್ನು ಸೂಚಿಸುವ ಅಂಕಿ, 100 ಮಿ.ಮೀ. ಸ್ಟ್ರೋಕಿನೊಂದಿಗೆ ಅದು 2956 ಸಿ.ಸಿ. ಆಗುತ್ತದೆ. ಆದರೆ ಅದರಲ್ಲಿಯೇ ಟರ್ಬೋ ಇಲ್ಲದ್ದು, ಟಿ.ಸಿ. ಎಂಬ ಟರ್ಬೋ ಇರುವದ್ದು, ಟಿ.ಸಿ.ಐ.ಸಿ. ಎಂಬ ಟರ್ಬೋ ಮತ್ತು ಇಂಟರ್‌ಕೂಲರ್ ಎರಡೂ ಇರುವದ್ದು ಎಂದು ಬಗೆಗಳಿವೆ. ಬ್ಲಾಕಿನೊಳಗೆ ತೂರಿಸಲು ಬಂದ ಮಾತ್ರಕ್ಕೆ ಒಂದರ ಕ್ಯಾಮ್ ಇನ್ನೊಂದಕ್ಕೆ ಸರಿ ಎಂದು ಹೇಳಲಾಗದು.

ಟರ್ಬೋ ಇಂಜಿನ್ನಿಗೂ ಟರ್ಬೋ ಇಲ್ಲದ ಇಂಜಿನ್ನಿಗೂ ಕ್ಯಾಮಿನ ವಿಚಾರದಲ್ಲಿ ಇರುವ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಇನ್ಲೆಟ್ ಮತ್ತು ಎಕ್ಸಾಸ್ಟ್ ವಾಲ್ವ್ ಎರಡೂ ಸ್ವಲ್ಪ ಹೊತ್ತು ತೆರೆದಿರುತ್ತವೆ. ಇದನ್ನು ಓವರ್‌ಲ್ಯಾಪ್ ಎನ್ನುತ್ತಾರೆ. ಟರ್ಬೋ ಇನ್ನೂ ವೇಗ ಪಡೆಯದೆ ಇರುವಾಗ, ಅಂದರೆ ಏರಿನ ಬುಡದಲ್ಲಿ ಗಾಡಿ ಹೊರಡುವಂಥ ಹೊತ್ತಿನಲ್ಲಿ, ಎಕ್ಸಾಸ್ಟ್ ಕಡೆಯ ಒತ್ತಡ ಇನ್ಲೆಟ್ ಕಡೆಯದಕ್ಕಿಂತ ಹೆಚ್ಚಿರುತ್ತದೆ. ಆಗ ಓವರ್‌ಲ್ಯಾಪ್ ಹೆಚ್ಚಿದ್ದರೆ ಸುಟ್ಟ ಹೊಗೆ ಮ್ಯಾನಿಫೋಲ್ಡಿಗೆ ಹಿಂದಿರುಗಿ, ಮುಂದಿನ ಸ್ಟ್ರೋಕಿನ ಗಾಳಿಯಲ್ಲಿ ಬೆರೆಯುತ್ತದೆ. ಫಲವಾಗಿ ಕಪ್ಪು ಹೊಗೆ, ಎಳೆತದ ಕೊರತೆ. ಅದಲ್ಲದೆ ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಟಾಪಿಗೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಜಾಗ ಸುಮಾರು ಒಂದು ಮಿಲಿಮೀಟರ್ ಮಾತ್ರ. ಆ ಹೊತ್ತಿನಲ್ಲಿ ವಾಲ್ವ್ ಅಗತ್ಯಕ್ಕಿಂತ ಹೆಚ್ಚು ತೆರೆದಿದ್ದರೆ ಪಿಸ್ಟನ್ ಅದನ್ನು ನೇರವಾಗಿ ಹೊಡೆಯುತ್ತದೆ. ಪೆಟ್ರೋಲ್ ಇಂಜಿನ್ನಿನ ಕ್ಯಾಮ್ ಪಾಠವನ್ನು ಇಲ್ಲಿಗೆ ತರಬಾರದು ಎನ್ನುವುದಕ್ಕೆ ಇದೇ ದೊಡ್ಡ ಕಾರಣ.

ಆದ್ದರಿಂದ ಅಂಗಡಿಗೆ ಹೋಗುವಾಗ ಇಂಜಿನ್ ನಂಬರ್, ಚಾಸಿಸ್ ನಂಬರ್, ಗಾಡಿ ತಯಾರಾದ ವರ್ಷ ಮತ್ತು ತಿಂಗಳು, ಹಳೆಯ ಕ್ಯಾಮಿನ ಮೇಲೆ ಎರಕದಲ್ಲಿ ಅಥವಾ ಪಂಚಿನಲ್ಲಿ ಮೂಡಿರುವ ಅಂಕಿಗಳು, ಇವಿಷ್ಟನ್ನು ಬರೆದುಕೊಂಡು ಹೋಗಿ. ದೇಶದಾದ್ಯಂತ ಹೊಗೆ ಮಾಲಿನ್ಯದ ಮಾನದಂಡವಾದ ಬಿ.ಎಸ್.-4 ಕಡ್ಡಾಯವಾದದ್ದು 2017ರ ಏಪ್ರಿಲ್ 1ರಿಂದ, ಬಿ.ಎಸ್.-6 ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಿಂದ. ಈ ದಿನಾಂಕಗಳ ಹಿಂದುಮುಂದಿನ ಗಾಡಿಗಳಲ್ಲಿ ಹೆಸರು ಒಂದೇ ಇದ್ದು ಒಳಗಿನ ಸಾಮಾನು ಬೇರೆಯಾಗಿರುವ ಸಂಭವ ಹೆಚ್ಚು. ಡೀಸೆಲ್ ಸಿಂಪಡಣೆಯನ್ನು ಎಲೆಕ್ಟ್ರಾನಿಕ್ ಆಗಿ ನಿಯಂತ್ರಿಸುವ ಕಾಮನ್ ರೈಲ್ ಇಂಜಿನ್ ಆದರೆ ಕ್ಯಾಮಿನ ಸ್ಥಾನವನ್ನು ಓದುವ ಸೆನ್ಸರಿಗೆ ಬೇಕಾದ ಗುರುತು ಕ್ಯಾಮಿನಲ್ಲೋ ಅದರ ಗೇರಿನಲ್ಲೋ ಇರುತ್ತದೆ. ಅದು ಹಳೆಯದರಂತೆಯೇ ಇರಬೇಕು. ಕೆಲವು ಇಂಜಿನ್‌ಗಳಲ್ಲಿ ಡೀಸೆಲ್ ಫೀಡ್ ಪಂಪನ್ನು ಒತ್ತುವ ಲೋಬೋ ಆಯಿಲ್ ಪಂಪನ್ನು ತಿರುಗಿಸುವ ಗೇರೋ ಕ್ಯಾಮಿನಲ್ಲಿಯೇ ಇರುತ್ತದೆ. ಹೊಸದರಲ್ಲಿ ಅದು ಇದೆಯೇ, ಅದೇ ಜಾಗದಲ್ಲಿದೆಯೇ ಎಂದು ಎರಡೂ ಕ್ಯಾಮ್‌ಗಳನ್ನು ಕೌಂಟರಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿಯೇ ಹಣ ಕೊಡಿ.

ನಾಲ್ಕನೆಯ ಹೆಜ್ಜೆ: ನಾಲ್ಕು ದಾರಿಗಳಲ್ಲಿ ಒಂದನ್ನು ಆರಿಸುವುದು

ಹಳೆಯದನ್ನೇ ಮರಳಿ ಹಾಕುವುದು ಮೊದಲ ದಾರಿ. ಲೋಬುಗಳ ಲಿಫ್ಟ್ ಮ್ಯಾನ್ಯುವಲ್ ಹೇಳುವ ಮಿತಿಯಲ್ಲಿದ್ದು, ಗುಳಿಗಳಿಲ್ಲದೆ, ಟ್ಯಾಪೆಟ್‌ಗಳು ತಮ್ಮ ತಮ್ಮ ಜಾಗದ ಗುರುತಿನೊಂದಿಗೆ ಉಳಿದಿದ್ದರೆ ಇದರಲ್ಲಿ ತಪ್ಪೇನೂ ಇಲ್ಲ. ಕಂಪೆನಿಯ ಮೂಲ ಕ್ಯಾಮ್ ಚೆನ್ನಾಗಿ ಉಳಿದಿರುವಾಗ ಅದನ್ನು ತೆಗೆದುಹಾಕಿ ಅಗ್ಗದ ಹೊಸದನ್ನು ಹಾಕುವುದು ಜಾಣತನವಲ್ಲ.

ಎರಡನೆಯದು ಹೊಸದು ಕೊಳ್ಳುವುದು. ಕಂಪೆನಿಯ ಪೊಟ್ಟಣದಲ್ಲಿ ಬರುವದ್ದು ಅಥವಾ ಕಂಪೆನಿಗೇ ಸಾಮಾನು ಒದಗಿಸುವ ತಯಾರಕರದ್ದು ಸಿಕ್ಕಿದರೆ ದಿನವೂ ದುಡಿಯುವ ಗಾಡಿಗೆ ಇದೇ ನೆಮ್ಮದಿಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಡೂಪ್ಲಿಕೇಟ್ ಸಾಮಾನನ್ನು ಪೊಟ್ಟಣದ ಮುದ್ರಣಕ್ಕಿಂತ ಸಾಮಾನಿನ ಮೇಲ್ಮೈಯಿಂದ ಗುರುತಿಸುವುದು ಸುಲಭ. ಜರ್ನಲ್ ಮತ್ತು ಲೋಬುಗಳ ಗ್ರೈಂಡಿಂಗ್ ಒಂದೇ ಸಮವಾಗಿದೆಯೇ, ಆಯಿಲ್ ರಂಧ್ರಗಳ ಬಾಯಿಯಲ್ಲಿ ಚೂಪು ಅಂಚು ಉಳಿದಿದೆಯೇ, ಕೀ ಕೂರುವ ತೋಡು ನೇರವಾಗಿದೆಯೇ ಎಂದು ಬೆರಳಾಡಿಸಿ ನೋಡಿ. ಕೆಲವು ಹೊಸ ಕ್ಯಾಮ್‌ಗಳ ಲೋಬುಗಳ ಮೇಲೆ ಮಸಿ ಬಣ್ಣದ ಪದರ ಇರುತ್ತದೆ. ಅದು ಫಾಸ್ಫೇಟ್ ಲೇಪ, ಆರಂಭದ ಓಟದಲ್ಲಿ ಆಯಿಲ್ ಹಿಡಿದುಕೊಳ್ಳಲೆಂದು ಕೊಟ್ಟದ್ದು. ಹೊಳಪು ಬರಲೆಂದು ಅದನ್ನು ಎಮರಿ ಪೇಪರಿನಲ್ಲಿ ಉಜ್ಜಬಾರದು. ನಮ್ಮ ಕರಾವಳಿಯ ತೇವದಲ್ಲಿ ಒಂದೆರಡು ಮಳೆಗಾಲ ಅಂಗಡಿಯ ಅಟ್ಟದಲ್ಲಿ ಕಳೆದ ಸಾಮಾನಿನ ಪ್ಲಾಸ್ಟಿಕ್ ಹೊದಿಕೆಯೊಳಗೇ ತುಕ್ಕು ಹಿಡಿದಿರುತ್ತದೆ. ಹೊದಿಕೆ ಬಿಚ್ಚಿಸಿ, ಗ್ರೀಸ್ ಒರೆಸಿ, ಲೋಬುಗಳ ಮೇಲೆ ಕೆಂಚು ಚುಕ್ಕಿಗಳಿವೆಯೇ ಎಂದು ನೋಡಿದ ಮೇಲೆಯೇ ಬಿಲ್ ಮಾಡಿಸಿ, ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿ. ಮಂಗಳೂರಿನಿಂದ ತಂದ ಸಾಮಾನನ್ನು ಬದಲಾಯಿಸಲು ತಲಪಾಡಿ ದಾಟಿ ಮತ್ತೆ ಹೋಗುವುದೆಂದರೆ ಗಾಡಿಯ ಒಂದು ದಿನದ ಬಾಡಿಗೆ ಹೋದಂತೆ.

ಮೂರನೆಯದು ರೀಗ್ರೈಂಡ್. ಸವೆದ ತುದಿಗೆ ಲೋಹ ಸೇರಿಸುವುದಲ್ಲ ಇದು. ಲೋಬಿನ ವೃತ್ತಭಾಗವನ್ನೂ ಅಷ್ಟೇ ಇಳಿಸಿ ಲಿಫ್ಟನ್ನು ಮರಳಿ ಪಡೆಯುವ ವಿಧಾನ. ಇದರಲ್ಲಿ ಮೂರು ತೊಡಕುಗಳಿವೆ. ಕ್ಯಾಮಿನ ಗಡಸುತನ ಮೇಲಿನ ಪದರದಲ್ಲಿ ಮಾತ್ರ ಇರುವುದರಿಂದ ಆಳವಾಗಿ ಇಳಿಸಿದರೆ ಮೆತ್ತಗಿನ ಲೋಹ ಮೇಲೆ ಬರುತ್ತದೆ. ವೃತ್ತಭಾಗ ಇಳಿದಷ್ಟೂ ಟ್ಯಾಪೆಟ್ ಕೆಳಕ್ಕೆ ಕೂರುವುದರಿಂದ ರಾಕರಿನ ಹೊಂದಾಣಿಕೆ ಸ್ಕ್ರೂ ಅಷ್ಟು ಹೆಚ್ಚು ಒಳಗೆ ಬರಬೇಕಾಗುತ್ತದೆ, ಕೆಲವೊಮ್ಮೆ ಅದರ ಎಳೆಗಳು ಸಾಲದೆ ಹೋಗುತ್ತವೆ. ಗ್ರೈಂಡ್ ಮಾಡುವವರ ಬಳಿ ಆ ಇಂಜಿನ್ನಿನ ಸರಿಯಾದ ಮಾಸ್ಟರ್ (ಲೋಬಿನ ಆಕಾರದ ಅಚ್ಚು) ಇಲ್ಲದಿದ್ದರೆ ಲೋಬಿನ ಆಕಾರವೂ ಅದರ ಸೂಕ್ಷ್ಮ ಓರೆಯೂ ಅಂದಾಜಿನದಾಗುತ್ತದೆ. ಹೊಸ ಕ್ಯಾಮ್ ಸಿಗದ ಹಳೆಯ ಇಂಜಿನ್ನಿಗೆ, ಸವೆತ ಅಲ್ಪವಾಗಿದ್ದಾಗ, ಗ್ರೈಂಡ್ ಆದ ಮೇಲೆ ಗಡಸುತನ ಪರೀಕ್ಷಿಸಿ ಕೊಡುವ ಲೇತ್ ಸಿಕ್ಕಿದರೆ ಮಾತ್ರ ಈ ದಾರಿ ಹಿಡಿಯಬಹುದು.

ಗುಜರಿಯಿಂದ ತಂದ ಕ್ಯಾಮ್ ಕೊನೆಯ ಆಯ್ಕೆ. ಅದರದೇ ಟ್ಯಾಪೆಟ್‌ಗಳು ಜಾಗದ ಗುರುತಿನೊಂದಿಗೆ ಸಿಕ್ಕಿದರೆ ಪರಿಶೀಲಿಸಬಹುದು. ಅಂಥದು ಸಿಗುವುದು ಅಪರೂಪ.

ಐದನೆಯ ಹೆಜ್ಜೆ: ಜೊತೆಗೆ ಬದಲಾಗಬೇಕಾದ ಸಾಮಾನು

ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ ಹಾಕಲೇಬೇಕು. ಚಪ್ಪಟೆ ಮುಖದ, ಅಂದರೆ ರೋಲರ್ ಇಲ್ಲದ ಟ್ಯಾಪೆಟ್‌ಗಳ ವಿಚಾರದಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಹಳೆಯ ಟ್ಯಾಪೆಟ್ಟಿನ ತಗ್ಗಿದ ಮುಖ ಹೊಸ ಲೋಬನ್ನು ಸ್ಟಾರ್ಟ್ ಮಾಡಿದ ಮೊದಲ ಗಂಟೆಯಲ್ಲೇ ಕೆಡಿಸಬಲ್ಲದು. ರೋಲರ್ ಇರುವ ಟ್ಯಾಪೆಟ್ ಆದರೆ ರೋಲರ್ ಸಡಿಲವಾಗದೆ ನುಣುಪಾಗಿ ತಿರುಗುತ್ತಿದ್ದರೆ ಮರುಬಳಕೆ ಮಾಡಬಹುದು. ಕೆಲವು ಇಂಜಿನ್‌ಗಳಲ್ಲಿ ಅಣಬೆಯಾಕಾರದ ಟ್ಯಾಪೆಟ್ ಕೆಳಗಿನಿಂದಲೇ ಬರಬೇಕು, ಅಂದರೆ ಆಮೇಲೆ ಬದಲಿಸಲು ಇಂಜಿನ್ನನ್ನೇ ಮತ್ತೆ ಬಿಚ್ಚಬೇಕು. ಅಲ್ಲಿ ಟ್ಯಾಪೆಟ್ಟಿನ ಖರ್ಚು ಉಳಿಸುವ ಯೋಚನೆ ಬೇಡ.

ವಾಲ್ವ್ ಸ್ಪ್ರಿಂಗುಗಳ ಉದ್ದವನ್ನೂ ಒತ್ತಡವನ್ನೂ ಪರೀಕ್ಷಿಸಿ ಬಲ ಕಳೆದುಕೊಂಡದ್ದನ್ನು ಬದಲಿಸಿ. "ಗಟ್ಟಿ ಸ್ಪ್ರಿಂಗ್ ಒಳ್ಳೆಯದು" ಎಂಬ ಮಾತಿಗೆ ಕಿವಿಗೊಡಬೇಡಿ. ಕಡಿಮೆ ವೇಗದ ಇಂಜಿನ್ನಿನಲ್ಲಿ ಅದರಿಂದ ಲೋಬು ಸವೆಯುವುದೊಂದೇ ಫಲ. ಪುಶ್ ರಾಡ್‌ಗಳನ್ನು ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದು ಕೂಡಲೇ ತಿಳಿಯುತ್ತದೆ.

ಕ್ಯಾಮ್ ಬುಷ್‌ಗಳ ಬಗ್ಗೆ ಒಂದು ಎಚ್ಚರಿಕೆ. ಬುಷ್ ಒತ್ತಿ ಕೂರಿಸುವಾಗ ಅದರ ಆಯಿಲ್ ರಂಧ್ರ ಬ್ಲಾಕಿನ ರಂಧ್ರಕ್ಕೆ ಸರಿಯಾಗಿ ಎದುರಾಗಬೇಕು. ಹಲವು ಇಂಜಿನ್‌ಗಳಲ್ಲಿ ರಾಕರ್ ಶಾಫ್ಟಿಗೆ ಆಯಿಲ್ ಹೋಗುವುದು ಇದೇ ಬುಷ್ಷಿನ ಮೂಲಕ. ರಂಧ್ರ ಅರ್ಧ ಮುಚ್ಚಿಹೋದರೂ ಆಯಿಲ್ ಗೇಜ್ ಸರಿಯಾಗಿಯೇ ತೋರಿಸುತ್ತದೆ, ಮೇಲೆ ರಾಕರ್‌ಗಳು ಮಾತ್ರ ಒಣಗುತ್ತವೆ. ಕೂರಿಸಿದ ಮೇಲೆ ಸಣ್ಣ ಸರಿಗೆಯನ್ನು ರಂಧ್ರದಲ್ಲಿ ತೂರಿಸಿ ತೋರಿಸುವಂತೆ ಕೇಳುವುದು ಮಾಲೀಕರ ಹಕ್ಕು. ಕ್ಯಾಮ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಪ್ಲೇಟ್ ಸವೆದಿದ್ದರೆ ಬದಲಿಸಿ. ಬ್ಲಾಕಿನ ಹಿಂಬದಿಯಲ್ಲಿ ಕ್ಯಾಮಿನ ರಂಧ್ರವನ್ನು ಮುಚ್ಚುವ ಪ್ಲಗನ್ನೂ ಹೊಸದು ಹಾಕಿಸಿ. ಅಲ್ಲಿ ಆಯಿಲ್ ಸೋರಿದರೆ ಕ್ಲಚ್ ನೆನೆಯುತ್ತದೆ, ಸರಿಪಡಿಸಲು ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಕ್ಯಾಮ್ ಹೆಡ್ಡಿನ ಮೇಲಿರುವ ಇಂಜಿನ್‌ಗಳಲ್ಲಿ ಬುಷ್ ಬದಲು ಕ್ಯಾಪುಗಳಿರುತ್ತವೆ. ಅವನ್ನು ಹೆಡ್ಡಿನೊಂದಿಗೇ ಕೊರೆದಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಬರಬಾರದು, ತಿರುವುಮುರುವಾಗಿಯೂ ಕೂರಬಾರದು. ಹೆಡ್ಡನ್ನು ಫೇಸ್ ಮಾಡಿಸಿದ್ದರೆ (ಮೇಲ್ಮೈಯನ್ನು ತುಸು ಇಳಿಸಿ ಸಮ ಮಾಡಿಸಿದ್ದರೆ) ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗಿ, ಚೈನ್ ಅಥವಾ ಬೆಲ್ಟಿನ ಕಾರಣದಿಂದ ವಾಲ್ವ್ ಟೈಮಿಂಗ್ ಅಲ್ಪಸ್ವಲ್ಪ ತಡವಾಗುತ್ತದೆ ಎಂಬುದೂ ನೆನಪಿನಲ್ಲಿರಲಿ.

ಆರನೆಯ ಹೆಜ್ಜೆ: ಕೂರಿಸಿದ ಮೇಲೆ ಟೈಮಿಂಗ್ ಖಚಿತಪಡಿಸುವುದು

ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಕ್ಯಾಮ್ ಗೇರಿಗೆ 60 ಹಲ್ಲುಗಳಿದ್ದರೆ ಒಂದು ಹಲ್ಲು ತಪ್ಪಿದರೂ ಕ್ಯಾಮಿನಲ್ಲಿ 6 ಡಿಗ್ರಿ, ಕ್ರ್ಯಾಂಕಿನಲ್ಲಿ 12 ಡಿಗ್ರಿ ತಪ್ಪುತ್ತದೆ. ಅಷ್ಟು ತಡವಾದ ಟೈಮಿಂಗಿನಲ್ಲಿ ಇಂಜಿನ್ ಓಡಬಹುದು, ಏರಿನಲ್ಲಿ ಎಳೆಯುವುದಿಲ್ಲ. ಗುರುತುಗಳನ್ನು ಸೇರಿಸುವಾಗ ಕ್ರ್ಯಾಂಕ್, ಕ್ಯಾಮ್, ಮಧ್ಯದ ಗೇರ್ ಮತ್ತು ಪಂಪಿನ ಗೇರ್ ನಾಲ್ಕನ್ನೂ ಒಟ್ಟಿಗೇ ನೋಡಿ, ಟೈಮಿಂಗ್ ಕವರ್ ಮುಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ.

ಗುರುತನ್ನಷ್ಟೇ ನಂಬದೆ, ಹೊಸ ಕ್ಯಾಮ್ ಹಾಕಿದಾಗ ಒಂದನೆಯ ಸಿಲಿಂಡರಿನ ಇನ್ಲೆಟ್ ವಾಲ್ವ್ ಎಷ್ಟು ಡಿಗ್ರಿಗೆ ತೆರೆದು ಎಷ್ಟಕ್ಕೆ ಮುಚ್ಚುತ್ತದೆ ಎಂಬುದನ್ನು ಡಯಲ್ ಗೇಜ್ ಮತ್ತು ಡಿಗ್ರಿ ಚಕ್ರದಿಂದ ಅಳೆಯುವುದು ಉತ್ತಮ. ಈ ಪರೀಕ್ಷೆಗೆಂದೇ ಕೆಲವು ಮ್ಯಾನ್ಯುವಲ್‌ಗಳು ಬೇರೆ ಟ್ಯಾಪೆಟ್ ಗ್ಯಾಪನ್ನು ಹೇಳಿರುತ್ತವೆ. ಅದನ್ನು ಇಟ್ಟು ಅಳೆಯದಿದ್ದರೆ ಅಂಕಿಗಳು ಹೊಂದುವುದಿಲ್ಲ. ಕ್ಯಾಟಲಾಗ್‌ಗಳಲ್ಲಿ ಅವಧಿಯನ್ನು ಯಾವ ಲಿಫ್ಟಿನಲ್ಲಿ ಅಳೆದದ್ದು ಎಂಬುದನ್ನೂ ಗಮನಿಸಬೇಕು. ಅಮೆರಿಕದವರು 0.050 ಇಂಚು, ಅಂದರೆ 1.27 ಮಿ.ಮೀ. ಲಿಫ್ಟಿನಲ್ಲಿ ಅಳೆದ ಅವಧಿಯನ್ನು ಕೊಡುವುದು ರೂಢಿ. ವಾಲ್ವ್ ಅಲುಗಿದ ಕ್ಷಣದಿಂದ ಅಳೆದ ಅಂಕಿ ಅದಕ್ಕಿಂತ ದೊಡ್ಡದಾಗಿರುತ್ತದೆ, ಎರಡನ್ನೂ ಹೋಲಿಸಲಾಗದು.

ಹೆಡ್ ಅಥವಾ ಬ್ಲಾಕ್ ಫೇಸ್ ಮಾಡಿಸಿದ್ದರೆ, ಇಲ್ಲವೇ ಕ್ಯಾಮ್ ಮೂಲದ್ದಲ್ಲದಿದ್ದರೆ, ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗವನ್ನು ನೋಡಲೇಬೇಕು. ಎರಡೂ ವಾಲ್ವ್‌ಗಳು ತುಸು ತೆರೆದಿರುವ ಟಾಪಿನ ಆಸುಪಾಸಿನಲ್ಲಿ ಕ್ರ್ಯಾಂಕನ್ನು ಹತ್ತು ಡಿಗ್ರಿ ಹಿಂದೆ, ಟಾಪಿನಲ್ಲಿ, ಹತ್ತು ಡಿಗ್ರಿ ಮುಂದೆ ಹೀಗೆ ನಿಲ್ಲಿಸಿ, ಪ್ರತಿ ಬಾರಿಯೂ ಡಯಲ್ ಗೇಜ್ ಇಟ್ಟು ವಾಲ್ವನ್ನು ಕೈಯಿಂದ ಒತ್ತಿ ಪಿಸ್ಟನ್ನಿಗೆ ಮುಟ್ಟುವವರೆಗೆ ಎಷ್ಟು ಇಳಿಯುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಇಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯಾದರೂ ತಡೆದರೆ ಬಲ ಹಾಕದೆ ನಿಲ್ಲಿಸಿ.

ಏಳನೆಯ ಹೆಜ್ಜೆ: ಮೊದಲ ಅರ್ಧ ಗಂಟೆ

ಹೊಸ ಕ್ಯಾಮ್ ಮತ್ತು ಚಪ್ಪಟೆ ಟ್ಯಾಪೆಟ್‌ಗಳ ಆಯುಷ್ಯ ಬಹುಮಟ್ಟಿಗೆ ಮೊದಲ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಲೋಬುಗಳಿಗೂ ಟ್ಯಾಪೆಟ್ ಮುಖಕ್ಕೂ ಮಾಲಿಬ್ಡಿನಮ್ ಇರುವ ಅಸೆಂಬ್ಲಿ ಪೇಸ್ಟ್ ಹಚ್ಚಿ, ಡೀಸೆಲ್ ಬಂದ್ ಇಟ್ಟು ಆಯಿಲ್ ಒತ್ತಡ ಕಾಣುವವರೆಗೆ ಸೆಲ್ಫಿನಲ್ಲಿ ತಿರುಗಿಸಿ, ಟರ್ಬೋ ಇದ್ದರೆ ಅದರ ಆಯಿಲ್ ದಾರಿಗೂ ಮುಂಚಿತವಾಗಿ ಆಯಿಲ್ ಹೊಯ್ದು, ಡೀಸೆಲ್ ಪೈಪಿನ ಏರ್ ತೆಗೆದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಸ್ಟಾರ್ಟ್ ಆದ ಕೂಡಲೇ ಐಡಲಿನಲ್ಲಿ ಬಿಡದೆ ನಿಮಿಷಕ್ಕೆ ಸುಮಾರು 1500ರಿಂದ 2000 ಸುತ್ತುಗಳ ನಡುವೆ ಏರಿಳಿಸುತ್ತ ಇಪ್ಪತ್ತು ನಿಮಿಷ ಓಡಿಸಿ. ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಐಡಲಿನಲ್ಲಿ ಕ್ರ್ಯಾಂಕಿನಿಂದ ಎರಚುವ ಆಯಿಲ್ ಲೋಬುಗಳಿಗೆ ಸಾಕಷ್ಟು ತಲುಪುವುದಿಲ್ಲ ಎಂಬುದೇ ಈ ನಿಯಮದ ಹಿಂದಿನ ಕಾರಣ. ಆಯಿಲ್ ಹಳೆಯ ಇಂಜಿನ್ನಿಗೆ ಸಿ.ಐ.-4 ದರ್ಜೆಯ 15ಡಬ್ಲ್ಯೂ-40 ಆಗಿದ್ದರೆ ಅದರಲ್ಲಿ ಲೋಬನ್ನು ಕಾಯುವ ಸತುವಿನ ಅಂಶ ಸಾಕಷ್ಟಿರುತ್ತದೆ. ಎಕ್ಸಾಸ್ಟಿನಲ್ಲಿ ಡಿ.ಪಿ.ಎಫ್. (ಮಸಿ ಹಿಡಿಯುವ ಫಿಲ್ಟರ್) ಇರುವ ಬಿ.ಎಸ್.-6 ಗಾಡಿಗೆ ಕಂಪೆನಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು.

ಇಂಜಿನ್ ಕೂರಿಸಿದ ಮೇಲೆ ಹೊಗೆ ಪರೀಕ್ಷೆ ಮಾಡಿಸುವುದು ಹೇಗೂ ಇದ್ದದ್ದೇ. ಬಿ.ಎಸ್.-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆಯ ದಟ್ಟಣೆಯ ಮಿತಿ 65 ಹಾರ್ಟ್ರಿಜ್ ಯೂನಿಟ್, ಬಿ.ಎಸ್.-4ಕ್ಕೆ 50. ಪಂಪು ಮತ್ತು ನಾಜಲ್ ಸರಿಯಿದ್ದೂ ಈ ಮಿತಿ ಮೀರಿದರೆ ವಾಲ್ವ್ ಟೈಮಿಂಗನ್ನು ಮತ್ತೊಮ್ಮೆ ನೋಡಿಸಬೇಕು.

ಮೊದಲ ಆಯಿಲ್ ಬದಲಾವಣೆಯ ಹೊತ್ತಿಗೆ ಟ್ಯಾಪೆಟ್ ಕವರ್ ತೆಗೆಸಿ ಎಂಟೂ ವಾಲ್ವ್‌ಗಳ ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆದು, ಇಂಜಿನ್ ಕೂರಿಸಿದಾಗ ಬರೆದಿಟ್ಟ ಅಂಕಿಯೊಂದಿಗೆ ಹೋಲಿಸಿ. ಎಲ್ಲವೂ ಅಲ್ಪಸ್ವಲ್ಪ ಬದಲಾಗಿರುವುದು ಸಹಜ. ಏಳು ಹಾಗೆಯೇ ಇದ್ದು ಒಂದು ಮಾತ್ರ ಗಣನೀಯವಾಗಿ ಸಡಿಲವಾಗಿದ್ದರೆ, ಸ್ಕ್ರೂ ತಿರುಗಿಸಿ ಗ್ಯಾಪು ಸರಿಪಡಿಸಿ ಕಳುಹಿಸಲು ಬಿಡಬೇಡಿ. ಆ ವಾಲ್ವಿನ ಲಿಫ್ಟನ್ನು ಡಯಲ್ ಗೇಜಿನಲ್ಲಿ ಅಳೆಸಿ, ಆಯಿಲ್ ಫಿಲ್ಟರನ್ನು ಕತ್ತರಿಸಿ ಮಡಿಕೆಗಳಲ್ಲಿ ಕಬ್ಬಿಣದ ಪುಡಿ ಇದೆಯೇ ಎಂದು ಅಯಸ್ಕಾಂತದಿಂದ ನೋಡಿ. ಪುಡಿ ಸಿಕ್ಕಿದರೆ ಗಾಡಿಯನ್ನು ಲೋಡಿಗೆ ಕಳುಹಿಸದೆ, ಬಿಲ್ಲು ಮತ್ತು ಅಳತೆಯ ಚೀಟಿಯೊಂದಿಗೆ ಸಾಮಾನು ಕೊಟ್ಟವರಲ್ಲಿ ಆ ದಿನವೇ ಮಾತಾಡಬೇಕು. ಈ ಪರೀಕ್ಷೆ ಮುಗಿಯುವವರೆಗೆ ಹಳೆಯ ಕ್ಯಾಮಿಗೆ ಗ್ರೀಸ್ ಹಚ್ಚಿ, ಗೋಣಿ ಸುತ್ತಿ, ಬಾಗದಂತೆ ನೆಟ್ಟಗೆ ನಿಲ್ಲಿಸಿ ಗ್ಯಾರೇಜಿನಲ್ಲಿಯೇ ಇಟ್ಟುಕೊಳ್ಳಿ.